ಒಣಗಿದ ಬೂಚು

"ಹುಳಿಯಾದದ್ದನ್ನ ಯಾಕ ಕುಡದಿ, ಗೋಪಣ್ಣಾ?"

ಕೇಳಿದವನು ಮುದುಕಪ್ಪ. ಉತ್ತರ ಕೊಡಬೇಕಾದವನು ಮಣ್ಣು ಸೇರಿ ಹನ್ನೊಂದು ದಿನವಾಗಿತ್ತು. ಮಸ್ಕಿಯಲ್ಲಿ ಗೋಪಣ್ಣನ ಮನೆಯ ಆ ಕಲ್ಲುಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವನ ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿಯಿತ್ತು. ಪೊಲೀಸರು ಮೊಹರು ಮಾಡಿಟ್ಟಿದ್ದ ಬಾಟಲಿಯ ತಳದಲ್ಲಿ, ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿ, ಎರಡು ಬೆರಳಿನಷ್ಟು ವೈನು ಉಳಿದಿತ್ತು. ಕಡ್ಡಿಯನ್ನು ಅದರಲ್ಲಿ ಅದ್ದಿ, ವರ್ಷವರ್ಷವೂ ಬಳಿದು ದಪ್ಪಗಟ್ಟಿದ್ದ ಸುಣ್ಣದ ಗೋಡೆಗೆ ಮುಟ್ಟಿಸಿದ್ದ. ಚುಯ್ ಎಂದು ಸಣ್ಣ ನೊರೆ ಎದ್ದಿತ್ತು. ಮೂವತ್ತೆರಡು ವರ್ಷ ಅಬಕಾರಿ ಇಲಾಖೆಯಲ್ಲಿ ಜವಾನನಾಗಿ, ಹಳ್ಳಿಹಳ್ಳಿಯ ಸೇಂದಿ ಗಡಿಗೆಗಳಿಗೆ ಮೂಗು ಒಡ್ಡಿದವನಿಗೆ ಅಷ್ಟು ಸಾಕು. ಕೆಟ್ಟು ಹುಳಿಯಾದ ಸೇಂದಿ ಮುಟ್ಟಿದರೆ ಹಳೆಯ ಸುಣ್ಣ ಹೀಗೆಯೇ ಕುದಿಯುತ್ತದೆ. ಒಳ್ಳೆಯದಕ್ಕೆ ಇಷ್ಟು ಅಬ್ಬರಿಸುವುದಿಲ್ಲ.

ಗೋಡೆ ಹೇಳಿತು. ನಾಲಿಗೆ ಹೇಳಿರಲಿಲ್ಲ.

ಗೋಡೆಗೆ ಮುಟ್ಟಿಸುವ ಮೊದಲು ಅದೇ ಕಡ್ಡಿಯನ್ನು ನಾಲಿಗೆಯ ತುದಿಗೆ ಒತ್ತಿ, ಮೂರು ಸಲ ಬಾಯಿ ಮುಕ್ಕಳಿಸಿ ಉಗುಳಿದ್ದ. ಏನೂ ತಿಳಿಯಲಿಲ್ಲ. ಹೆಂಡತಿ ಗ್ಯಾನಮ್ಮ ದೀಪಾವಳಿಯ ಮರುದಿನ ಕಣ್ಣು ಮುಚ್ಚಿದಳು. ಅಂದಿನಿಂದ ಅವನಿಗೆ ಬೆಲ್ಲವೂ ಒಂದೇ, ಬೇವೂ ಒಂದೇ. ಅವನು ಅಳಲಿಲ್ಲ. ಮಠದಲ್ಲಿ ಪುರಾಣ ನಡೆಯುವಾಗ ಎಂದಿನಂತೆ ಕಂಬಕ್ಕೆ ಒರಗಿ ಕೂಡುತ್ತಿದ್ದ. ಶಾಸ್ತ್ರಿಗಳು ಪದ್ಯ ಎಳೆಯುತ್ತಿದ್ದರು, ಅರ್ಥ ಬಿಡಿಸುತ್ತಿದ್ದರು. ಪದ್ಯ ಕಿವಿಯವರೆಗೆ ಬಂದು, ಬಾಗಿಲು ಹಾಕಿದ ಮನೆ ಕಂಡ ನೆಂಟನಂತೆ, ಹಿಂದಿರುಗಿ ಹೋಗುತ್ತಿತ್ತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸಬ್‌ಇನ್ಸ್‌ಪೆಕ್ಟರ್ ಇಸ್ಮಾಯಿಲ್‌ಸಾಬ್‌ಗಂತೂ ಹೇಳುವ ಹಾಗೇ ಇರಲಿಲ್ಲ. ಅವರು ಇವನನ್ನು ಕರೆಸಿದ್ದೇ ಆ ನಾಲಿಗೆಗಾಗಿ.

"ಏನಂತೈತ್ರೀ ನಾಲಿಗಿ?" ಇಸ್ಮಾಯಿಲ್‌ಸಾಬ್ ಹೊಸ್ತಿಲಲ್ಲಿ ನಿಂತು ಟೋಪಿ ತೆಗೆದರು. "ಪುಡಿ ಐತೋ ಇಲ್ಲೋ?"

"ಹುಳಿ ಆಗೇತ್ರಿ ಸಾಹೇಬ್ರ. ಕೆಟ್ಟ ಹುಳಿ."

"ಹುಳಿ ನಂಗ್ಯಾಕ್ರಿ? ಸಾಂಬಾರ ಮಾಡ್ಲೇನು? ಪುಡಿ ಹೇಳ್ರಿ. ಬೆಂಗಳೂರಿನ ರಿಪೋರ್ಟ್ ಬರೋತನಕ ನನ್ನ ತಲಿ ಬೆಳ್ಳಗಾಗತೈತಿ."

ಪುಡಿ ಎಂದರೆ ಸಿ.ಎಚ್. ಪುಡಿ. ಸೇಂದಿಗೆ ಅಮಲು ಏರಿಸಲು ಕಳ್ಳತನದಲ್ಲಿ ಬೆರೆಸುವಂಥದ್ದು. ಹೆಚ್ಚಾದರೆ ಮನುಷ್ಯ ಮಲಗಿದಲ್ಲೇ ಉಳಿಯುತ್ತಾನೆ. ಗ್ರಾನೈಟ್ ಕ್ವಾರಿಯ ಗೋಪಣ್ಣ ಉಳಿದದ್ದೂ ಹಾಗೆಯೇ. ವೈನು ಕುಡಿದು ಇದೇ ಕೋಣೆಯ ಮಂಚದ ಮೇಲೆ ಒರಗಿದವನು ಏಳಲಿಲ್ಲ. ಗ್ಲಾಸು ತಂದಿಟ್ಟವಳು ಅಡಿಗೆಯ ಕರೆಮ್ಮ. ಅವಳ ಟ್ರಂಕಿನಲ್ಲಿ ಪುಡಿಯ ಪೊಟ್ಟಣ ಸಿಕ್ಕಿತ್ತು. ಅವಳ ತವರು ಸಾಲಗುಂದದಲ್ಲಿ ಅಪ್ಪ ಸೇಂದಿ ಮಾರುತ್ತಿದ್ದ. ಇನ್ನೇನು ಬೇಕು? ನಾಳೆ ಮುಂಜಾನೆ ಅವಳನ್ನು ಲಿಂಗಸುಗೂರು ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಲ್ಲಿಂದ ಸೀದಾ ರಾಯಚೂರು ಜೈಲು.

"ನಿಮ್ಮ ಒಂದ ಮಾತಿನ ಮ್ಯಾಲೆ ನಿಂತೈತಿ," ಎಂದರು ಇಸ್ಮಾಯಿಲ್‌ಸಾಬ್. "ಪುಡಿ ಐತಿ ಅನ್ರಿ, ನಾ ಕಾಗದ ಬರೀತೀನಿ."

ಮುದುಕಪ್ಪ ಕಡ್ಡಿಯನ್ನು ಕೆಳಗಿಟ್ಟ. ಸತ್ತ ನಾಲಿಗೆಯಿಂದ ಒಬ್ಬಳನ್ನು ಜೈಲಿಗೆ ಕಳಿಸುವುದೆಂದರೆ, ಕುರುಡ ಗುರುತು ಹೇಳಿದಂತೆ.

"ಸಾಹೇಬ್ರ, ಆ ಬೂಚು ಎಲ್ಲೈತ್ರಿ? ಈ ಬಾಟ್ಲೀದು?"

ಬೂಚು, ಆ ಕಾರ್ಕಿನ ಬಿರಡೆ, ಪೊಲೀಸರ ಕಾಗದದ ಪೊಟ್ಟಣದಲ್ಲೇ ಇತ್ತು. ಮುದುಕಪ್ಪ ಅದನ್ನು ಅಂಗೈ ಮೇಲೆ ಹಾಕಿಕೊಂಡು, ಕಪಾಟಿನ ಕಡೆ ನಡೆದ.

ಗೋಪಣ್ಣ ಕುಡಿದ ಪ್ರತಿ ಬಾಟಲಿಯ ಬೂಚನ್ನು ಕಾಪಾಡಿಕೊಂಡು ಬಂದಿದ್ದ. ಮೂರು ಬೂಚುಗಳು ಸಾಲಾಗಿ ನಿಂತಿದ್ದವು. ಮೂರರ ತುದಿಯೂ ನೇರಳೆ ಹಣ್ಣು ತಿಂದ ಹುಡುಗಿಯ ನಾಲಿಗೆಯಂತೆ ಕಪ್ಪುಗೆಂಪು. ಅಂಗೈಯಲ್ಲಿದ್ದ ನಾಲ್ಕನೆಯದರ ತುದಿ ಬೋಳು. ಜೋಳದ ದಂಟಿನ ಬೆಂಡಿನಂತೆ ಒಣಗಿ, ಸೊರಗಿ, ಬೆರಳಿಗೆ ಪುಡಿಪುಡಿಯಾಗುತ್ತಿತ್ತು.

ಬೂಚುಗಳ ಪಕ್ಕ ಒಂದು ತಟ್ಟೆ. ಅದರ ಮೇಲೆ ಉದ್ದ ಕಾಲಿನ ಗಾಜಿನ ಗ್ಲಾಸು ಬೋರಲು ಬಿದ್ದಿತ್ತು. ಅದರ ಜೋಡಿಯನ್ನು ಪೊಲೀಸರು ಮೇಜಿನಿಂದ ಒಯ್ದಿದ್ದರು. ಕಪಾಟಿನ ತುಂಬ ಕಲ್ಲುಪುಡಿಯ ಧೂಳು. ಆ ಗ್ಲಾಸು ಮಾತ್ರ ಥಳಥಳ ಹೊಳೆಯುತ್ತಿತ್ತು. ಮುದುಕಪ್ಪ ಅದನ್ನು ನೋಡಿದ. ಆದರೆ ಅವನ ಮನಸ್ಸೆಲ್ಲ ಬೂಚಿನಲ್ಲಿತ್ತು.

"ಸಾಲ್ವಟೂರ ಏನ ಹೇಳಿದ್ದ ಗೊತ್ತೇನ್ರಿ?"

"ಯಾಂವ ಅಂವ?"

"ಇಟಲಿ ಸಾವ್ಕಾರ ರೀ. ಕಲ್ಲು ಕೊಳ್ಳಾಕ ಬರ್ತಿದ್ದ. ಖರೆ ಹೆಸರು ಸಾಲ್ವತೋರೆ. ಮುದಗಲ್ ಕಡೆ ಕ್ವಾರ್ಯಾಗಿನ ಮಂದಿ ಬಾಯಾಗ ಸಾಲ್ವಟೂರ ಆಗಿದ್ದ."

ಅವನೇ ಐದು ವರ್ಷದ ಹಿಂದೆ ಆರು ಬಾಟಲಿಗಳ ಒಂದು ಮರದ ಪೆಟ್ಟಿಗೆ ತಂದು ಗೋಪಣ್ಣನಿಗೆ ಕೊಟ್ಟಿದ್ದ. ತಮ್ಮ ದೇಶದ ದಕ್ಷಿಣದ ತುದಿಯಲ್ಲಿ, ಆರಿಹೋದ ಬೆಂಕಿಬೆಟ್ಟದ ಬುಡದಲ್ಲಿ ಬೆಳೆದ ಕಪ್ಪು ದ್ರಾಕ್ಷಿ. ಹೆಸರು ಅಲ್ಯಾನಿಕೊ. ಊರೆಲ್ಲ ಸುಗ್ಗಿ ಮುಗಿಸಿ ಕೂತ ಮೇಲೆ, ಚಳಿ ಬಿದ್ದ ಮೇಲೆ, ಎಲ್ಲಕ್ಕಿಂತ ಕಡೆಗೆ ಕೊಯ್ಯುವ ದ್ರಾಕ್ಷಿಯಂತೆ ಅದು.

"ಬಾಟ್ಲಿ ಮಲಗಿಸಿಡ್ರಿ ಅಂದಿದ್ದ. ಮಲಗಿದ್ರ ವೈನು ಬೂಚಿಗೆ ಹತ್ತತೈತಿ. ಬೂಚು ಹಸಿ ಇರತೈತಿ, ಉಬ್ಬಿ ಬಿಗಿ ಹಿಡೀತೈತಿ. ನಿಲ್ಲಿಸಿದ್ರ ಒಣಗಿ ಸೊರಗತೈತಿ, ಗಾಳಿ ಹೊಕ್ಕು ಒಳಗಿಂದು ಹುಳಿ ಆಗತೈತಿ. ಗೋಪಣ್ಣ ಅದನ್ನ ಗುರುಮಂತ್ರ ಹಿಡದಂಗ ಹಿಡದಿದ್ದ."

ಮೂಲೆಯ ಮರಳುಗುಡ್ಡೆಯ ಮೇಲೆ ಉಳಿದ ಒಂದೇ ಬಾಟಲಿ ಕೂಸಿನಂತೆ ಮಲಗಿತ್ತು. ಮುದುಕಪ್ಪ ಅದನ್ನು ಮೆಲ್ಲಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಗಾಜಿನ ಒಂದು ಬದಿಗೆ, ಕತ್ತಿನಿಂದ ತಳದವರೆಗೆ, ಕಾಡಿಗೆ ಎಳೆದಂತೆ ಗಷ್ಟು ಹೆಪ್ಪುಗಟ್ಟಿತ್ತು.

"ಮಲಗಿದ್ದಕ್ಕ ಬದೀಗೆ ಗಷ್ಟು. ನಿಂತದ್ದಕ್ಕ ತಳಕ್ಕ. ಈಗ ಗೋಪಣ್ಣ ಕುಡದ ಬಾಟ್ಲಿ ನೋಡ್ರಿ."

ಇಸ್ಮಾಯಿಲ್‌ಸಾಬ್ ನೋಡಿದರು. ಬದಿ ಸ್ವಚ್ಛ. ಗಷ್ಟೆಲ್ಲ ತಳದಲ್ಲಿ ಬಿಲ್ಲೆಯಾಗಿ ಕೂತಿತ್ತು. ಹೊರಗೆ ಅಂಟಿಸಿದ ಚೀಟಿಯೂ ಬಿಸಿಲಿಗೆ ಬಿಳುಚಿತ್ತು. ಈ ಕೋಣೆಗೆ ಬಿಸಿಲು ಬರುವುದೇ ಇಲ್ಲ.

"ಈ ಬಾಟ್ಲಿ ಈ ಮನೀದಲ್ರಿ. ಎಲ್ಲೋ ಐದು ವರ್ಷ ಬಿಸಿಲಿಗೆ ನಿಂತೈತಿ. ಇಂಥಾದ್ರ ಬೂಚು ಎರಡು ಬೆರಳಾಗ ಹಿಡದು ಎಳದ್ರ ಬರತೈತಿ. ಪುಡಿ ಹಾಕಿ ಹಂಗ ಮುಚ್ಚಬೌದು. ಮಲಗಿದ್ದ ಬಾಟ್ಲಿಗೆ ಅದು ಆಗಂಗಿಲ್ಲ. ಅದಕ್ಕ ಸ್ಕ್ರೂ ಹಾಕಿ ಎಳೀಬೇಕು, ತೂತು ಬೀಳತೈತಿ, ಗೋಪಣ್ಣಗ ತಿಳೀತಿತ್ತು."

ಸಬ್‌ಇನ್ಸ್‌ಪೆಕ್ಟರರು ಮೀಸೆ ತೀಡಿದರು. "ಪೆಟಿಗ್ಯಾಗ ಆರು ಅಂದ್ರಿ. ಮೂರು ಮೊದ್ಲ ಕುಡದ, ಒಂದು ಈಗ. ಇಲ್ಲೊಂದು ಮಲಗೈತಿ. ಆರನೇದು?"

"ಸಿಂಧನೂರಾಗ. ತಮ್ಮ ಗಿಡ್ಡಪ್ಪನ ಹೊಸಮನಿ ಪ್ರವೇಶಕ್ಕ ಗೋಪಣ್ಣ ಕೊಟ್ಟಿದ್ದ."

"ಹತ್ರಿ ಜೀಪು," ಎಂದರು ಇಸ್ಮಾಯಿಲ್‌ಸಾಬ್. "ನಾಲಿಗಿ ಕರ್ಕೊಂಡ ಬಂದ್ರ ಕಣ್ಣು ಕೆಲಸ ಮಾಡಾಕತ್ತೇತಿ."

ಜೀಪಿನಲ್ಲಿ ಮುದುಕಪ್ಪ ಹೊರಗೆ ನೋಡುತ್ತ ಕೂತ. ಕಾಲುವೆಯ ನೀರು ಹರಿದ ಕಡೆಯೆಲ್ಲ ಹೆಂಗಸರು ಸಾಲುಹಿಡಿದು ಭತ್ತ ನಾಟುತ್ತಿದ್ದರು. ಜೀಪಿನ ಸದ್ದಿಗೆ ತಲೆ ಎತ್ತುತ್ತಿದ್ದರು, ಮತ್ತೆ ಬಗ್ಗುತ್ತಿದ್ದರು. ಅವನ ಮನಸ್ಸು ಎರಡು ವರ್ಷ ಹಿಂದಿನ ಒಂದು ಮಧ್ಯಾಹ್ನದಲ್ಲಿತ್ತು. ಆಗ ನಾಲಿಗೆ ಬದುಕಿತ್ತು.

"ನಿನ್ನ ನಾಲಿಗಿಗೆ ಪರೀಕ್ಷಾ ಐತಿ ಬಾರೋ," ಎಂದು ಗೋಪಣ್ಣ ಕರೆದಿದ್ದ. ಕೆಂಪನ್ನು ಗ್ಲಾಸಿನ ಮೂರನೇ ಒಂದು ಪಾಲು ಮಾತ್ರ ಸುರಿದು, ಬಿಳಿ ಧೋತರದ ಸೆರಗಿನ ಮೇಲೆ ಓರೆ ಹಿಡಿದಿದ್ದ. ನಡುವೆ ಕಡುಗಪ್ಪು, ಅಂಚಿಗೆ ಹಳೆಯ ಇಟ್ಟಿಗೆಯ ಬಣ್ಣ. "ಅಂಚು ನೋಡಿ ವಯಸ್ಸು ಹೇಳಬೇಕಂತ." ಆಮೇಲೆ ಗ್ಲಾಸು ತಿರುಗಿಸಿದ್ದ, ಮೂಗು ಇಳಿಸಿದ್ದ, ಕಣ್ಣು ಮುಚ್ಚಿದ್ದ. ಮುದುಕಪ್ಪ ನಕ್ಕಿದ್ದ. "ಏನಣ್ಣಾ, ಕುಡಿಯೋದೋ, ಪೂಜೆ ಮಾಡೋದೋ?"

"ಲೇ, ಗಟಗಟ ಇಳಿಸಾಕ ಇದೇನು ಸೇಂದಿ ಅಂದುಕೊಂಡಿ? ಬಾಯಾಗ ಹಿಡಿ. ಮ್ಯಾಲೆ ಸ್ವಲ್ಪ ಗಾಳಿ ಎಳಿ. ಈಗ ನುಂಗು. ಈಗ ಸುಮ್ನ ಕುಂದ್ರು."

ಸುಮ್ಮನೆ ಕೂತಾಗಲೇ ಅದು ಬಂದಿತ್ತು. ಮೊದಲು ನೇರಳೆ. ಹಿಂದೆಯೇ ಲವಂಗ, ಒಣಗಿದ ಹೊಗೆಸೊಪ್ಪು. ಕಡೆಗೆ ಮೊದಲ ಮಳೆ ಬಿದ್ದ ಎರೆಹೊಲದ ವಾಸನೆ. ಅದರ ಮೇಲೆ ಬಾಯಿಯ ಒಳಗೋಡೆಯನ್ನೆಲ್ಲ ಗಪ್ಪನೆ ಹಿಡಿಯುವ ಒಗರು. "ಅವರ ಬೆಂಕಿಬೆಟ್ಟದ ಬೂದಿನೂ ನಮ್ಮ ಎರಿ ಮಣ್ಣೂ ಅಕ್ಕ ತಂಗೇರು," ಎಂದು ಗೋಪಣ್ಣ ಮಕ್ಕಳಂತೆ ಹಿಗ್ಗಿದ್ದ. ಅದೇ ದಿನ ಮುದಗಲ್ಲಿನ ಯಾರೋ ತಂದಿದ್ದ ದ್ರಾಕ್ಷಾರಸ ತುಸು ಹುಳಿಯೆಂದು ಕಿಟಕಿಯಾಚೆ ಚೆಲ್ಲಿದ್ದ.

ಅಂಥವನು, ಸುಣ್ಣ ಕುದಿಸುವಷ್ಟು ಹುಳಿಯಾದದ್ದನ್ನು, ಒಂದು ಗ್ಲಾಸು ಪೂರ್ತಿ.

ಗಿಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಗಾಜಿನ ಶೋಕೇಸು ಪಡುವಣ ಕಿಟಕಿಗೆ ಎದುರಾಗಿತ್ತು. ಪ್ಲಾಸ್ಟಿಕ್ ಗಿಳಿಗಳು, ಮಕ್ಕಳು ಶಾಲೆಯಲ್ಲಿ ಗೆದ್ದ ಬಹುಮಾನದ ಕಪ್ಪು, ಒಂದು ತಾಜಮಹಲು. ಎಲ್ಲದರ ಮುಂದೆ, ಮದುವೆಯ ಮನೆಯ ಬೀಗನಂತೆ ಎದೆಯುಬ್ಬಿಸಿ, ಇಟಲಿಯ ಬಾಟಲಿ.

ಗಿಡ್ಡಪ್ಪನ ಮುಖದಲ್ಲಿ ಹನ್ನೊಂದು ದಿನದ ಗಡ್ಡ. "ಬರ್ರಿ ಸಾಹೇಬ್ರ. ಬಾ ಮುದುಕಪ್ಪ. ಆ ಕರೆಮ್ಮ ಒಪ್ಪಿಕೊಂಡ್ಲೇನು?"

"ಒಪ್ಕೋತಾಳ, ಒಪ್ಕೋತಾಳ," ಎಂದರು ಇಸ್ಮಾಯಿಲ್‌ಸಾಬ್. "ಈ ಬಾಟ್ಲಿ ಎಷ್ಟು ದಿನದಿಂದ ಐತ್ರಿ ಇಲ್ಲಿ?"

"ಮನಿ ಪ್ರವೇಶದಿಂದ. ಐದು ವರ್ಷ ಆತು. ಬಂದಾವ್ರೆಲ್ಲಾ ಬೂಚು ಯಾವಾಗ ಕೀಳ್ತೀರಿ ಸಾವ್ಕಾರ ಅಂತ ಕಾಡ್ತಾರ. ನಾ ಕೊರಳಾಗಿನ ಲಿಂಗ ತೋರಿಸಿ ಸುಮ್ಮಾಗತೀನಿ."

"ಒಮ್ಮಿಯಾರ ಮಲಗಿಸಿಟ್ಟಿದ್ರೇನು?" ಮುದುಕಪ್ಪ ಕೇಳಿದ.

"ತುಂಬಿದ್ದನ್ನ ಯಾರ ಮಲಗಿಸ್ತಾರ ಮಾರಾಯಾ? ಮಲಗೋದು ಒಂದು ಖಾಲಿ ಬಾಟ್ಲಿ, ಇನ್ನೊಂದು ಕುಡದಾಂವ."

ಗಿಡ್ಡಪ್ಪನ ಹೆಂಡತಿ ಆದಮ್ಮ ಒಳಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಕ್ಕಳು. ಸೂತಕದ ನೆನಪಾಗಿ ತಕ್ಷಣ ನುಂಗಿಕೊಂಡಳು.

ಮುದುಕಪ್ಪ ಶೋಕೇಸಿನ ಬಾಗಿಲು ಸರಿಸಿದ. ಗಿಳಿಗಳ ಕೆಂಪು ಮೂಗು ಕಿಟಕಿಯ ಕಡೆಗೆ ಬಿಳುಚಿ ಗುಲಾಬಿಯಾಗಿತ್ತು. ತಾಜಮಹಲು ಹಳದಿಗಟ್ಟಿತ್ತು. ಬಾಟಲಿಯ ಚೀಟಿ ಮಾತ್ರ ನಿನ್ನೆ ಅಂಟಿಸಿದಂತೆ ಹೊಚ್ಚಹೊಸದು. ಎತ್ತಿ ಬೆಳಕಿಗೆ ಹಿಡಿದ. ಕತ್ತಿನಿಂದ ತಳದವರೆಗೆ, ಕಾಡಿಗೆಯ ಗೆರೆ.

ಬಾಟಲಿಯನ್ನು ಇಸ್ಮಾಯಿಲ್‌ಸಾಬ್‌ರ ಕಣ್ಣೆದುರು ತಿರುಗಿಸಿದ. ಅವರು ಜೇಬಿನಿಂದ ಗೋಪಣ್ಣನ ಸ್ಕ್ರೂ ತೆಗೆದುಕೊಟ್ಟರು.

"ಏ, ಏನ ಮಾಡಾಕತ್ತೀರಿ? ಅಣ್ಣನ ನೆನಪು ಅದು!" ಗಿಡ್ಡಪ್ಪ ಮುಂದೆ ಬಂದ.

"ಕುಂದರ್ರಿ," ಎಂದರು ಸಬ್‌ಇನ್ಸ್‌ಪೆಕ್ಟರರು.

ಬೂಚು ಸುಲಭಕ್ಕೆ ಬರಲಿಲ್ಲ. ಮುದುಕಪ್ಪ ಬಾಟಲಿಯನ್ನು ಮೊಣಕಾಲ ನಡುವೆ ಹಿಡಿದು, ಮೂರು ಸಲ ಜಗ್ಗಿದ. ಟಪ್ಪೆಂದು ಬಂತು. ತುದಿ ಕಪ್ಪುಗೆಂಪು, ಹಸಿ. ಹಳೆಯ ತೂತಿಲ್ಲ. ಆದಮ್ಮ ಒಲ್ಲದ ಮನಸ್ಸಿನಿಂದ ಶರಬತ್ತಿನ ಗ್ಲಾಸು ತಂದಿಟ್ಟು, ಮೂಗಿಗೆ ಸೆರಗು ಒತ್ತಿ ನಿಂತಳು.

ಮೂರನೇ ಒಂದು ಪಾಲು ಸುರಿದ. ಹೆಗಲಿನ ಬಿಳಿ ಟವಲಿನ ಮೇಲೆ ಓರೆ ಹಿಡಿದ. ನಡುವೆ ಕಡುಗಪ್ಪು. ಅಂಚಿಗೆ ಇಟ್ಟಿಗೆ. ಅದೇ ಬಣ್ಣ.

ತಿರುಗಿಸಿದ. ಮೂಗು ಇಳಿಸಿದ. ಏನೂ ಇಲ್ಲ.

ಬಾಯಿಗೆ ಹಾಕಿಕೊಂಡ. ನೀರು. ಬರೀ ನೀರು. ನೇರಳೆ ಇಲ್ಲ, ಲವಂಗ ಇಲ್ಲ, ಎರೆಹೊಲ ಇಲ್ಲ. ಗಾಳಿ ಎಳೆದ. ನುಂಗಿದ. ಸುಮ್ಮನೆ ಕೂತ. ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು. ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಗ್ಯಾನಮ್ಮನ ಅಂತ್ಯಕ್ರಿಯೆಯ ದಿನವೂ ಹೀಗೇ ಎಲ್ಲರೂ ತನ್ನ ಮುಖ ನೋಡುತ್ತಿದ್ದರೆಂದು ಅವನಿಗೆ ನೆನಪಾಯಿತು. ಆಗಲೂ ಏನೂ ಬಂದಿರಲಿಲ್ಲ.

ಆಮೇಲೆ, ನಿಧಾನವಾಗಿ, ಕೆನ್ನೆಯ ಒಳಭಾಗ ಬಿಗಿಯಿತು. ತುಟಿ ಒಸಡಿಗೆ ಒಣಗಿ ಅಂಟಿದಂತಾಯಿತು. ರುಚಿಯಲ್ಲ, ಹಿಡಿತ. ಎಳೆ ಬಾಳೆಕಾಯಿ ಕಚ್ಚಿದಂತೆ, ಕಾಚು ಕಚ್ಚಿದಂತೆ. ರುಚಿ ಸತ್ತ ಬಾಯಲ್ಲೂ ಒಗರು ಬದುಕಿತ್ತು.

"ಇದು ಸಾಲ್ವಟೂರನ ಮಾಲು," ಎಂದ. "ಕೆಟ್ಟಿಲ್ಲ. ಐದು ವರ್ಷ ಮಲಗೇ ಇತ್ತು. ಇದು ಗೋಪಣ್ಣನ ಮರಳಿನ ಮ್ಯಾಲಿಂದ ಬಂದದ್ದು. ಇಲ್ಲಿ ನಿಂತಿದ್ದ ಬಾಟ್ಲಿ ಅಲ್ಲಿಗೆ ಹೋಗೇತಿ. ಸಾವ್ಕಾರ, ಅದಲಾ ಬದಲಾ ಮಾಡ್ದವರು ಯಾರು?"

ಗಿಡ್ಡಪ್ಪನ ಬಾಯಿ ತೆರೆದೇ ಉಳಿಯಿತು. "ನಮ್ಮನೀ ಬಾಟ್ಲಿ... ನಮ್ಮಣ್ಣ ನಮ್ಮನೀ ಬಾಟ್ಲಿ ಕುಡದು..."

"ಕೀಲಿ ಯಾರ ಕಡೆ ಇರತೈತಿ?" ಇಸ್ಮಾಯಿಲ್‌ಸಾಬ್ ಗಡುಸಾದರು.

"ಕೀಲಿ ಎಲ್ಲೀದ್ರಿ, ಸರಿಸಿದ್ರ ಬರತೈತಿ. ಆದ್ರ ಮನ್ಯಾಗ ಯಾವಾಗ್ಲೂ ಯಾರಾದ್ರೂ ಇರ್ತೀವಿ. ನನ್ನ ಮ್ಯಾಲೆ ಸಂಶೇ ಏನು? ನಾ ಅಣ್ಣನ ಎಂಜಲಾ ಉಂಡು ಬೆಳದಾಂವ!"

"ಎಳ್ಳಮಾಸಿ ದಿನ ಇರಲಿಲ್ಲಲ್ರಿ," ಎಂದಳು ಆದಮ್ಮ ಬಾಗಿಲಿನಿಂದ. "ಭೂತಾಯಿಗೆ ಎಡಿ ಕೊಟ್ಟು ಚರಗ ಚೆಲ್ಲಾಕ ಎಲ್ಲಾರೂ ಹೊಲಕ್ಕ ಹೋಗಿದ್ವಿ."

"ನೀ ಸುಮ್ನಿರಬೇ."

"ಯಾಕ ಸುಮ್ನಿರ್ಲಿ? ಮನಿ ಖಾಲಿ ಏನಿದ್ದಿಲ್ಲ. ಮಸ್ಕಿಯಿಂದ ಗೋಪಣ್ಣಭಾವನ ಹೆಂಡ್ತಿ ತಿಮ್ಮವ್ವ ಅಡಿಗೀ ಕೈಗೆ ಅಂತ ಕರೆಮ್ಮನ್ನ ಕಳಿಸಿದ್ಲು. ಸಜ್ಜಿ ಕಡಬು, ಪುಂಡಿಪಲ್ಯ ಎಲ್ಲಾ ಮಾಡಿ ಬುಟ್ಟಿ ಹೊರಿಸಿದ್ಲು. ಮೈಯಾಗ ಜರ ಅಂತ ಹೊಲಕ್ಕ ಬರಲಿಲ್ಲ. ನಾವು ತಿರುಗಿ ಬರೋದ್ರಾಗ ಕೈಚೀಲ ಹಿಡ್ಕೊಂಡು ಬಸ್‌ಸ್ಟ್ಯಾಂಡಿಗೆ ಹೊಂಟಿದ್ಲು."

ಇಸ್ಮಾಯಿಲ್‌ಸಾಬ್ ಡೈರಿ ತೆರೆದು ಬರೆದುಕೊಂಡರು.

ಎಳ್ಳಮಾವಾಸ್ಯೆಯಾಗಿ ನಾಲ್ಕನೇ ದಿನಕ್ಕೆ ಗೋಪಣ್ಣ ಸತ್ತದ್ದು. ಕರೆಮ್ಮನನ್ನು ಬಿಡಿಸಲೆಂದು ತಾನು ಎಳೆಎಳೆಯಾಗಿ ಹೊಸೆದ ಹಗ್ಗ ಅವಳ ಕೊರಳಿಗೇ ಹೋಗಿ ಬಿದ್ದದ್ದನ್ನು ಮುದುಕಪ್ಪ ನೋಡುತ್ತ ನಿಂತ. ದುಃಖವೂ ಆಗಲಿಲ್ಲ. ಬಾಯಿಯೊಳಗಿನ ಆ ಒಗರು ಮಾತ್ರ ಬಿಡಲಿಲ್ಲ.

ಜೀಪು ಹತ್ತುವಾಗ ಇಸ್ಮಾಯಿಲ್‌ಸಾಬ್ ಅವನ ಹೆಗಲು ತಟ್ಟಿದರು. "ನನ್ನ ಕೇಸು ಬಿದಿರಿನಂಗಿತ್ತು ಮುದುಕಪ್ಪನವರ. ನೀವು ಅದಕ್ಕ ಕಬ್ಬಣದ ಪಟ್ಟಿ ಬಡದ್ರಿ."

"ಸಾಹೇಬ್ರ, ಒಂದ ಸಲ ಅಕಿ ಕೂಡ ಮಾತಾಡಾಕ ಬಿಡ್ರಿ."

"ಯಾಕ?"

"ಗೋಪಣ್ಣ ಹುಳಿ ಯಾಕ ಕುಡದ ಅಂತ ಇನ್ನೂ ತಿಳದಿಲ್ಲ."

ಠಾಣೆ ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು. ಹಿಂದಿನ ಪಡಸಾಲೆಯಲ್ಲಿ ಕರೆಮ್ಮ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ನಲವತ್ತೈದರ ಹೆಂಗಸು. ಎದುರಿಗಿಟ್ಟ ರೊಟ್ಟಿ ಮುಟ್ಟಿರಲಿಲ್ಲ. ಮಹಿಳಾ ಪೇದೆ ಎದ್ದು ಬಾಗಿಲ ಬಳಿ ಹೋದಳು.

"ಬಾ ಕಾಕಾ. ಗ್ಯಾನಮ್ಮಕ್ಕನ ಮಣ್ಣಿಗೆ ಬರಾಕ ಆಗಲಿಲ್ಲ ನನಗ."

"ಇರಲಿ ತಂಗೀ." ಅವನು ಎದುರಿಗೆ ಕೂತ. "ಎಳ್ಳಮಾಸಿ ದಿನ ಬಾಟ್ಲಿ ಒಯ್ದಾಕಿ ನೀನ?"

ಅವಳು ಸುಳ್ಳು ಹೇಳಲಿಲ್ಲ. "ಹೋಗೋವಾಗ ಒಂದು ಚೀಲ ಒಯ್ದೆ, ಬರೋವಾಗ ಒಂದು ತಂದೆ. ಅಲ್ಲಿ ಒಂದಿಟ್ಟು ಒಂದು ತಗೊಂಡು ಬಾ ಅಂದ್ರು. ಎರಡೂ ಒಂದ ನಮೂನಿ ಇದ್ದು. ದೊಡ್ಡವರ ಚ್ಯಾಷ್ಟಿ ಏನೋ ಅಂದ್ಕೊಂಡೆ."

"ಪುಡಿ?"

"ನನ್ನ ಟ್ರಂಕಿಗೆ ಕೀಲಿ ಇಲ್ಲ ಕಾಕಾ. ಯಾರರ ಇಡಬೌದು."

"ಅಂದಿದ್ದು ಯಾರು?"

ಅವಳು ರೊಟ್ಟಿಯ ಅಂಚನ್ನು ನೋಡುತ್ತ ಕೂತಳು.

ಮುದುಕಪ್ಪ ಬೇರೆ ಬಾಗಿಲು ಬಡಿದ. "ಗೋಪಣ್ಣಗ ಹುಳಿ ತಿಳೀಲಿಲ್ಲೇನು? ಅಂಥಾ ನಾಲಿಗಿ ಅವಂದು."

"ತಿಳದಿತ್ತು." ಅವಳ ದನಿ ಸಮವಾಗಿತ್ತು, ಲೆಕ್ಕವಿಲ್ಲದಷ್ಟು ಸಲ ಒಳಗೇ ಹೇಳಿಕೊಂಡವಳಂತೆ. "ಬೂಚು ಪುಡಿ ಆದಾಗ್ಲೇ ನೋಡ್ದ. ಮೂಸಿದ. ಒಂದ ಗುಟುಕು ಬಾಯಾಗ ಹಿಡದ. ಮಾರಿ ಮ್ಯಾಲಿನ ನಗಿ ಹೋತು. ಎದುರಿಗೆ ಕುಂತಾವ್ರ ಕಣ್ಣು ನೋಡ್ದ, ಬಾಳ ಹೊತ್ತು. ಆಮ್ಯಾಲೆ, ಚಲೋ ಐತಿ, ಭಾಳ ಚಲೋ ಐತಿ ಅಂದ. ತಳಮಟ ಕುಡದ. ತೀರ್ಥ ಕುಡದಂಗ."

ತೀರ್ಥ ಹುಳಿಯೆಂದು ಯಾರೂ ಉಗುಳುವುದಿಲ್ಲ. ಕೊಟ್ಟ ಕೈ ಅಂಥದ್ದಾಗಿತ್ತು. ಮುದುಕಪ್ಪನಿಗೆ ತಟ್ಟನೆ ಕಪಾಟಿನ ತಟ್ಟೆ ಕಣ್ಣಿಗೆ ಬಂತು. ಧೂಳಿನ ನಡುವೆ ಥಳಥಳ ಹೊಳೆಯುತ್ತಿದ್ದ ಇನ್ನೊಂದು ಗ್ಲಾಸು. ಅಡಿಗೆಯ ಕೈಗೆಂದು ಇವಳನ್ನು ಸಿಂಧನೂರಿಗೆ ಕಳಿಸಿದವಳ ಹೆಸರೂ ಕಿವಿಯಲ್ಲಿ ಸುಳಿಯಿತು.

"ಎದುರಿಗೆ ಯಾರೋ ಕುಂತಿದ್ರು. ಅವರ ಮುಂದೂ ಒಂದು ಗ್ಲಾಸಿತ್ತು. ಅದನ್ನ ತೊಳದಾಕಿ ನೀನ."

"ಹೌದು."

"ಅವರು ಕುಡೀಲಿಲ್ಲ."

"ಇಲ್ಲ."

"ಹೆಸರು ಹೇಳವ್ವಾ. ನಾಳೆ ಹೊತ್ತು ಹೊಂಟ್ರ ನಿನ್ನ ಒಯ್ತಾರ. ರಾಯಚೂರಿಗೆ ಒಯ್ದ್ರಂದ್ರ ನನ್ನ ಕೈ ಮುಟ್ಟಂಗಿಲ್ಲ. ಒಂದ ಹೆಸರು. ನಾ ಅಂಗಲಾಚಿ ಬೇಡ್ಕೋತೀನಿ."

ಕರೆಮ್ಮ ಮೊದಲ ಸಲ ತಲೆ ಎತ್ತಿ ಅವನ ಕಣ್ಣು ನೋಡಿದಳು.

"ಗೋಪಣ್ಣನ ಕಣ್ಣು ಮುಚ್ಚಾಕತ್ತಿದ್ದು. ನನ್ನ ಕೈ ಹಿಡದ. ನೀರು ಬೇಕೇನೋ ಅಂದ್ಕೊಂಡೆ. ಕರೆಮ್ಮಾ, ಆ ಇನ್ನೊಂದು ಗ್ಲಾಸು ತೊಳದಿಡು ಅಂದ. ಅಷ್ಟ. ಅದ ಕಡೀ ಮಾತು." ಅವಳು ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಾ ತೊಳದಿಟ್ಟೀನಿ. ಈಗ ಅದನ್ನ ಮತ್ತ ಹೊಲಸು ಮಾಡು ಅಂತಿ. ಜೈಲಿಗೆ ಒಯ್ಲಿ, ಎಲ್ಲಿಗ್ಯಾರ ಒಯ್ಲಿ. ಹೇಳಂಗಿಲ್ಲ ಕಾಕಾ."